ಹದ್ದುಬಸ್ತು

ಅರಬ್ಬಿಯ ‘ಹದ್’ ಎಂದರೆ ಎಲ್ಲೆ, ಪಾರಸಿಯ ‘ಬಸ್ತ್’ ಎಂದರೆ ಕಟ್ಟಿದ್ದು. ಬಂದೋಬಸ್ತಿನ ಬಸ್ತೂ ಇದೇ. (ಆಕಾಶದ ಹದ್ದಿಗೆ ಇಲ್ಲಿ ಕೆಲಸವಿಲ್ಲ.) ಮಾತಿನಲ್ಲಿ ನಾವು ನಾಲಿಗೆಯನ್ನೂ ಖರ್ಚನ್ನೂ ಹದ್ದುಬಸ್ತಿನಲ್ಲಿ ಇಡುತ್ತೇವೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಕಬ್ಬಿನ ಹೊಲಗಳಲ್ಲಿ ಪದದ ಹಳೆಯ ಅರ್ಥವೇ ಗಟ್ಟಿ: ಸರ್ವೆಯರ್ ಬಂದು ಹೊಲದ ಎಲ್ಲೆ ಗುರುತಿಸುವುದು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. 1948ರವರೆಗೆ ಎರಡೂ ಈ ಮರಾಠಿ ಮನೆತನಗಳ ಸಂಸ್ಥಾನಗಳು. ಪದದ ಜೊತೆಗಾರ ‘ಮೋಜಣಿ’, ಅಂದರೆ ಅಳತೆ, ಅದೂ ಮರಾಠಿಯದೇ. ಭೂಮಾಪನ ಇಲಾಖೆಯ ತಂತ್ರಾಂಶದ ಹೆಸರೂ ‘ಮೋಜಿಣಿ’.

ಈಗ ಬಾಂದುಗಲ್ಲು, ಅಂದರೆ ಎಲ್ಲೆಯ ಕಲ್ಲು, ಹುಡುಕುವವರು ಮೊದಲು ತೆರೆಯುವುದು ಮೊಬೈಲಿನ ‘ದಿಶಾಂಕ್’. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ರಾಜ್ಯ ಸರ್ಕಾರದ ಆ್ಯಪ್ ಇದು. ಈ ಹುಡುಕಾಟ ಒಂದು ಆಟವನ್ನು ನೆನಪಿಸುತ್ತದೆ. ಜಿಪಿಎಸ್ ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಆಟ 2000ದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾಯಿತು. ಆಟದಲ್ಲಿ 5 ಮೀಟರ್ ಆಚೀಚೆಯಾದರೆ ಪೊದೆ ತಡಕಿದರಾಯಿತು. ಹೊಲದಲ್ಲಿ ಹಾಗಲ್ಲ. 100 ಮೀಟರ್ ಉದ್ದದ ಬದು 5 ಮೀಟರ್ ಸರಿದರೆ ಹೆಚ್ಚುಕಡಿಮೆ 5 ಗುಂಟೆ ಹೋಯಿತು. ಅಷ್ಟಕ್ಕೇ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಪಕ್ಕದ ಬೀಳಗಿಯಲ್ಲಂತೂ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಎಷ್ಟೋ ಹೊಲಗಳನ್ನು ಬಾಂದುಗಲ್ಲು ಸಮೇತ ನುಂಗಿದೆ.

ಆ್ಯಪ್ ನೋಡಿ ಬದು ಒಡೆಯಬೇಡಿ. ಅದು ದಿಕ್ಕು ತೋರಿಸೀತು, ಹದ್ದುಬಸ್ತು ಮಾಡದು. ಹದ್ದುಬಸ್ತಿಗೆ ಅರ್ಜಿ ಕೊಡಬೇಕು, ಅಕ್ಕಪಕ್ಕದ ಹೊಲದವರಿಗೆ ನೋಟಿಸು ಹೋಗಬೇಕು, ಸರ್ವೆಯರ್ ಬಂದು ಅಳೆಯಬೇಕು.