ಉಚ್ಚಂಗಿದುರ್ಗ: ಕದಲದ ಬೆಟ್ಟ, ಕದಲಿದ ಗಡಿ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಇಂದು ಉಚ್ಚಂಗೆಮ್ಮನ ಭಕ್ತರು ಹತ್ತಿಬರುವ ಬೆಟ್ಟದೂರು. ಒಂದು ಕಾಲಕ್ಕೆ ಇದು ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ. ಅದಕ್ಕೂ ಮೊದಲು, 10ನೇ ಶತಮಾನದಲ್ಲಿ, ಗಂಗರ ಮಾರಸಿಂಹ ಈ ಕೋಟೆಯನ್ನು ನೊಳಂಬರಿಂದ ಕಿತ್ತುಕೊಂಡಿದ್ದ. 12ನೇ ಶತಮಾನದಲ್ಲಿ ಪಾಂಡ್ಯರನ್ನು ಮಣಿಸಿ ಇದನ್ನು ಗೆದ್ದ ಹೊಯ್ಸಳ ಇಮ್ಮಡಿ ವೀರಬಲ್ಲಾಳ ‘ಗಿರಿದುರ್ಗಮಲ್ಲ’ನೆನಿಸಿಕೊಂಡ.

ಅರಸರ ಕಾಲ ಮುಗಿದರೂ ಗಡಿ ಬದಲಾಗುವುದು ನಿಲ್ಲಲಿಲ್ಲ. ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಹೀಗಾಗಿ 2013ರಲ್ಲಿ ಬಳ್ಳಾರಿ ಸೇರಿದಂತೆ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ 371ಜೆ ವಿಧಿಯ ಮೀಸಲಾತಿ ದೊರೆತಾಗ ಈ ತಾಲ್ಲೂಕು ಹೊರಗುಳಿಯಿತು. 2018ರಲ್ಲಿ ಬಳ್ಳಾರಿಗೆ ಮರಳಿದ ಮೇಲಷ್ಟೇ ಆ ಸೌಲಭ್ಯ ದಕ್ಕಿತು. 2021ರಿಂದ ಅದು ವಿಜಯನಗರ ಜಿಲ್ಲೆಯಲ್ಲಿದೆ.

ಅಂದು ಕೋಟೆ ಕೈಬದಲಾದಾಗ ಅರಸನಿಗೆ ಬಿರುದು ಸಿಕ್ಕಿತ್ತು. ಈ ಬಾರಿ ಗಡಿ ಬದಲಾದಾಗ ಊರಿನ ಮಕ್ಕಳಿಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿತು.