ನ್ಯೂ ಲ್ಯಾನಾರ್ಕ್: ಒಂದು ಗಿರಣಿ ಗ್ರಾಮ ಉಳಿದು ಬಂದ ಚರಿತ್ರೆ

ನ್ಯೂ ಲ್ಯಾನಾರ್ಕ್ ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಯ ದಂಡೆಯ ಮೇಲಿರುವ ಹತ್ತಿ ಗಿರಣಿ ಗ್ರಾಮ. 1785ರಲ್ಲಿ ಸ್ಥಾಪನೆಯಾದ ಇಲ್ಲಿನ ಗಿರಣಿಗಳು 1968ರವರೆಗೂ ನಡೆದವು. 2001ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಮಾಜ ಸುಧಾರಕ ರಾಬರ್ಟ್ ಓವೆನ್ ಪ್ರಯೋಗ ನಡೆಸಿದ ಊರೆಂದು ಇತಿಹಾಸದ ವಿದ್ಯಾರ್ಥಿಗಳಿಗೆ ಇದರ ಹೆಸರು ಪರಿಚಿತ. ಗಿರಣಿಗೆ ಬೀಗ ಬಿದ್ದ ಮೇಲೆ ಈ ಊರು ಗುಜರಿಯ ಪಾಲಾಗದೆ ಉಳಿದುಕೊಂಡ ಬಗೆ ಅಷ್ಟು ಪರಿಚಿತವಲ್ಲ. ಹಳೆಯ ಕೈಗಾರಿಕಾ ನೆಲೆಗಳನ್ನು ಕಾಪಾಡಬೇಕೆನ್ನುವವರು ಓವೆನ್‌ನ ಚರಿತ್ರೆಯ ಜೊತೆಗೆ ಈ ಎರಡನೆಯ ಚರಿತ್ರೆಯನ್ನೂ ಓದಬೇಕು.

ಊರು ಹುಟ್ಟಿದ್ದು ನೀರಿನ ಬಲದಿಂದ. ಕ್ಲೈಡ್ ನದಿ ಇಲ್ಲಿ ಆಳವಾದ ಕಮರಿಯೊಳಗೆ ಬಾನಿಂಗ್ಟನ್ ಲಿನ್, ಕೋರಾ ಲಿನ್ ಮುಂತಾದ ಜಲಪಾತಗಳಾಗಿ ಧುಮುಕುತ್ತದೆ. ಗ್ಲಾಸ್ಗೋದ ವ್ಯಾಪಾರಿ ಡೇವಿಡ್ ಡೇಲ್ ನೂಲುವ ಯಂತ್ರಕ್ಕೆ ಹೆಸರಾದ ರಿಚರ್ಡ್ ಆರ್ಕ್‌ರೈಟ್‌ನನ್ನು ಈ ಜಾಗಕ್ಕೆ ಕರೆತಂದು ತೋರಿಸಿದ. ಇಬ್ಬರೂ ಪಾಲುದಾರರಾದರು. ಬಂಡೆಯನ್ನು ಕೊರೆದು ಸುಮಾರು 90 ಮೀಟರ್ ಉದ್ದದ ಸುರಂಗ ಮಾಡಿ, ಅದರ ಮೂಲಕ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಗಿರಣಿಗಳ ಚಕ್ರಗಳಿಗೆ ಹರಿಸಲಾಯಿತು. ಆರ್ಕ್‌ರೈಟ್ ಬೇಗನೆ ಪಾಲುದಾರಿಕೆಯಿಂದ ಹೊರಬಿದ್ದ. 1786ರಲ್ಲಿ ನೂಲುವ ಕೆಲಸ ಆರಂಭವಾಯಿತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಿದಾದ ಗುಡ್ಡ, ನಡುವೆ ಇರುವುದು ಇಕ್ಕಟ್ಟಿನ ಜಾಗ. ಹಾಗಾಗಿ ಗಿರಣಿಗಳೂ ಕಾರ್ಮಿಕರ ಸಾಲುಮನೆಗಳೂ ಒಂದಕ್ಕೊಂದು ಒತ್ತಿಕೊಂಡೇ ಎದ್ದು ನಿಂತವು. ಊರು ಹರಡಿಕೊಳ್ಳಲು ಬಿಡದ ಈ ಇಕ್ಕಟ್ಟೇ ಮುಂದೆ ಅದರ ಮೂಲ ರೂಪವನ್ನು ಕಾಯ್ದಿತು. ಸುತ್ತ ಹೊಸ ಬಡಾವಣೆ ಬೆಳೆಯಲು ಅಲ್ಲಿ ನೆಲವೇ ಇರಲಿಲ್ಲ.

ಹಳ್ಳಿಗಾಡಿನ ಈ ಕಮರಿಗೆ ದುಡಿಯುವ ಕೈಗಳನ್ನು ಹೊರಗಿನಿಂದಲೇ ತರಬೇಕಿತ್ತು. 1791ರಲ್ಲಿ ಅಮೆರಿಕಕ್ಕೆ ವಲಸೆ ಹೊರಟಿದ್ದ ಹೈಲ್ಯಾಂಡ್ ಜನರ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರಿಗೆ ಮರಳಿದಾಗ, ಅವರಲ್ಲಿ ಹಲವರಿಗೆ ಡೇಲ್ ಕೆಲಸ ಕೊಟ್ಟ. ಉತ್ತರದಿಂದ ಬಂದವರ ನೆನಪು ಕೇತ್‌ನೆಸ್ ಸಾಲು ಎಂಬ ವಠಾರದ ಹೆಸರಿನಲ್ಲಿ ಉಳಿದಿದೆ. ಇನ್ನೊಂದು ದೊಡ್ಡ ಪಾಲು ಎಡಿನ್‌ಬರೋ ಮತ್ತು ಗ್ಲಾಸ್ಗೋ ನಗರಗಳ ಅನಾಥ ಮಕ್ಕಳದು. ನಾಲ್ಕನೆಯ ಗಿರಣಿಯ ಕಟ್ಟಡದಲ್ಲಿ ಒಂದು ಕಾಲಕ್ಕೆ ಇಂಥ 275 ಮಕ್ಕಳು ವಾಸವಾಗಿದ್ದರು. ಅವರಿಗೆ ಊಟ, ಬಟ್ಟೆ, ರಾತ್ರಿಯ ಪಾಠ ಸಿಗುತ್ತಿದ್ದವು. ಆ ಕಾಲದ ಬೇರೆ ಗಿರಣಿಗಳಿಗೆ ಹೋಲಿಸಿದರೆ ಇದು ಉತ್ತಮ ಎನ್ನುವುದು ನಿಜ. ಮಕ್ಕಳು ಹಗಲಿಡೀ ಯಂತ್ರದ ಮುಂದೆ ನಿಂತಿರುತ್ತಿದ್ದರು ಎನ್ನುವುದೂ ಅಷ್ಟೇ ನಿಜ.

ವೇಲ್ಸ್ ಮೂಲದ ರಾಬರ್ಟ್ ಓವೆನ್ 1799ರಲ್ಲಿ ಪಾಲುದಾರರ ಜೊತೆಗೂಡಿ ಗಿರಣಿಗಳನ್ನು 60,000 ಪೌಂಡುಗಳಿಗೆ ಕೊಂಡ. ಅದೇ ವರ್ಷ ಡೇಲ್‌ನ ಮಗಳು ಕ್ಯಾರೊಲಿನ್‌ಳನ್ನು ಮದುವೆಯಾದ. 1800ರ ಜನವರಿಯಿಂದ ಆಡಳಿತ ಈತನ ಕೈಗೆ ಬಂತು. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ. ಊರಿನ ಅಂಗಡಿಗೆ ಸರಕನ್ನು ಸಗಟಾಗಿ ತರಿಸಿ ಅಗ್ಗದ ಬೆಲೆಗೆ ಮಾರಿದ. ಸಹಕಾರ ಚಳವಳಿಯವರು ಇಂದಿಗೂ ಗೌರವದಿಂದ ನೆನೆಯುವ ಅಂಗಡಿ ಅದು. 1816ರ ಹೊಸ ವರ್ಷದ ದಿನ ‘ಶೀಲ ರೂಪಣೆಯ ಸಂಸ್ಥೆ’ಯನ್ನು ತೆರೆದ. ಅಲ್ಲಿ ಪುಟ್ಟ ಮಕ್ಕಳಿಗೆ ಶಿಶುವಿಹಾರವಿತ್ತು, ದೊಡ್ಡವರಿಗೆ ಸಂಜೆಯ ತರಗತಿಗಳಿದ್ದವು, ಹಾಡು ಕುಣಿತಗಳಿದ್ದವು. ಪಾಠದಲ್ಲಿ ಹೊಡೆತ ಬಡಿತಕ್ಕೆ ಜಾಗವಿರಲಿಲ್ಲ.

ಹಾಗೆಂದು ಓವೆನ್ ಶಿಸ್ತನ್ನು ಸಡಿಲ ಬಿಟ್ಟವನಲ್ಲ. ಪ್ರತಿ ಕೆಲಸಗಾರನ ಪಕ್ಕದಲ್ಲೂ ಒಂದು ಸಣ್ಣ ಮರದ ತುಂಡು ನೇತಾಡುತ್ತಿತ್ತು. ಅದರ ಹೆಸರು ಮೂಕ ಮೇಲ್ವಿಚಾರಕ. ನಾಲ್ಕು ಮುಖಕ್ಕೆ ನಾಲ್ಕು ಬಣ್ಣ: ಕಪ್ಪು ಕೆಟ್ಟದ್ದು, ನೀಲಿ ಸಾಧಾರಣ, ಹಳದಿ ಒಳ್ಳೆಯದು, ಬಿಳಿ ಅತ್ಯುತ್ತಮ. ಹಿಂದಿನ ದಿನದ ನಡತೆಗೆ ತಕ್ಕ ಬಣ್ಣ ಎದುರಿಗೆ ಬರುವಂತೆ ಅದನ್ನು ತಿರುಗಿಸಿ ಇಡುತ್ತಿದ್ದರು, ಪುಸ್ತಕದಲ್ಲಿ ಬರೆದೂ ಇಡುತ್ತಿದ್ದರು. ಬೈಗುಳವೂ ಇಲ್ಲ, ಏಟೂ ಇಲ್ಲ. ಆದರೆ ಹಾದು ಹೋಗುವ ಎಲ್ಲರ ಕಣ್ಣಿಗೂ ಆ ಬಣ್ಣ ಬೀಳುತ್ತಿತ್ತು. ಓವೆನ್‌ನ ಕರುಣೆ ಮತ್ತು ಹಿಡಿತ ಎರಡನ್ನೂ ಒಟ್ಟಿಗೆ ಅರಿಯಲು ಈ ಮರದ ತುಂಡೊಂದೇ ಸಾಕು. ಈ ಪ್ರಯೋಗವನ್ನು ನೋಡಲು ದೇಶ ವಿದೇಶಗಳ ಗಣ್ಯರು ಬಂದರು. ಮುಂದೆ ರಷ್ಯದ ಚಕ್ರವರ್ತಿಯಾದ ನಿಕೋಲಸ್ 1816ರಲ್ಲಿ ಬಂದವರಲ್ಲಿ ಒಬ್ಬ. ಪ್ರವಾಸಿಗರ ಓಡಾಟ ಈ ಊರಿಗೆ ಹೊಸದಲ್ಲ.

ಇಲ್ಲಿ ನೂತ ಹತ್ತಿಯ ವಿಷಯವನ್ನೂ ಹೇಳಲೇಬೇಕು. ಅದು ವೆಸ್ಟ್ ಇಂಡೀಸ್ ಮತ್ತು ಅಮೆರಿಕದ ತೋಟಗಳಲ್ಲಿ ಗುಲಾಮರು ಬೆಳೆದ ಹತ್ತಿ. ಗುಲಾಮರ ವ್ಯಾಪಾರವನ್ನು ಕೊನೆಗಾಣಿಸಲು ಗ್ಲಾಸ್ಗೋದಲ್ಲಿ ಹುಟ್ಟಿದ ಸಂಘಕ್ಕೆ ಡೇವಿಡ್ ಡೇಲ್‌ನೇ ಅಧ್ಯಕ್ಷನಾಗಿದ್ದ, ಅವನ ಗಿರಣಿಗೆ ಬರುತ್ತಿದ್ದುದು ಗುಲಾಮರ ಬೆವರಿನ ಹತ್ತಿ. ಈ ಸತ್ಯವನ್ನು ಮುಚ್ಚಿಟ್ಟು ಸುಧಾರಣೆಯ ಕಥೆಯನ್ನಷ್ಟೇ ಹೇಳಿದರೆ ಪರಂಪರೆಯ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ.

ಓವೆನ್ 1825ರಲ್ಲಿ ಹೊರನಡೆದ. ಆಮೇಲೆ ವಾಕರ್ ಮನೆತನ, 1881ರ ನಂತರ ಗೂರಾಕ್ ಹಗ್ಗದ ಕಂಪನಿಯ ಮಾಲೀಕರು ಗಿರಣಿಗಳನ್ನು ನಡೆಸಿದರು. ಮೀನಿನ ಬಲೆ, ಕ್ಯಾನ್ವಾಸ್ ಬಟ್ಟೆ ಇಲ್ಲಿ ತಯಾರಾದವು. ಕಾರ್ಮಿಕರ ಮನೆಗಳಿಗೆ 1898ರಲ್ಲಿ ಗಿರಣಿಯದೇ ವಿದ್ಯುತ್ ಬಂತು. ಕೋಣೆಗೊಂದು ಮಂದ ಬಲ್ಬು. ವಾರದ ದಿನಗಳಲ್ಲಿ ರಾತ್ರಿ ಹತ್ತಕ್ಕೆ, ಶನಿವಾರ ಹನ್ನೊಂದಕ್ಕೆ ದೀಪ ಆರುತ್ತಿತ್ತು. 1955ರಲ್ಲಿ ರಾಷ್ಟ್ರೀಯ ಜಾಲದ ಸಂಪರ್ಕ ಸಿಕ್ಕುವವರೆಗೂ ಹೀಗೇ ನಡೆಯಿತು. ಕಟ್ಟಡಗಳು ಉಳಿಯಲು ಮುಖ್ಯ ಕಾರಣ ಈ ದೀರ್ಘ ದುಡಿಮೆಯೇ. ಯಂತ್ರ ತಿರುಗುತ್ತಿದ್ದ ಕಟ್ಟಡದ ಮಾಡು ಸೋರಿದರೆ ಕಂಪನಿಗೆ ನಷ್ಟ. ಆದ್ದರಿಂದ ಮಾಡು ದುರಸ್ತಿಯಾಗುತ್ತಿತ್ತು.

ರಕ್ಷಣೆಯ ಮೊದಲ ಹೆಜ್ಜೆ ಬಿದ್ದದ್ದು ಗಿರಣಿ ಇನ್ನೂ ನಡೆಯುತ್ತಿದ್ದಾಗಲೇ. ಸ್ನಾನ, ಶೌಚದ ಅನುಕೂಲವಿಲ್ಲದ ಹಳೆಯ ಕೋಣೆಗಳನ್ನು ಬಿಟ್ಟು ಜನ ಊರು ಖಾಲಿ ಮಾಡುತ್ತಿದ್ದರು. 1963ರಲ್ಲಿ ನ್ಯೂ ಲ್ಯಾನಾರ್ಕ್ ಅಸೋಸಿಯೇಷನ್ ಎಂಬ ವಸತಿ ಸಂಘ ರಚನೆಯಾಯಿತು. ಅದು ಮೊದಲು ಕೈಹಾಕಿದ್ದು ಕೇತ್‌ನೆಸ್ ಸಾಲು ಮತ್ತು ನರ್ಸರಿ ಕಟ್ಟಡದ ದುರಸ್ತಿಗೆ. ಹೊರಗಿನ ಕಲ್ಲಿನ ಗೋಡೆ ಇದ್ದಂತೆಯೇ ಉಳಿಯಿತು, ಒಳಗೆ ಈ ಕಾಲದವರು ವಾಸಿಸಬಹುದಾದ ಮನೆಗಳು ತಯಾರಾದವು. ಆಗ ವಸ್ತುಸಂಗ್ರಹಾಲಯದ ಮಾತಿರಲಿಲ್ಲ, ವಿಶ್ವ ಪರಂಪರೆ ಎಂಬ ಪಟ್ಟಿಯೇ ಹುಟ್ಟಿರಲಿಲ್ಲ. ಮನೆಯಿಂದ ಆರಂಭಿಸಿದ ಆ ತೀರ್ಮಾನವೇ ಊರನ್ನು ಉಳಿಸಿತು ಎಂಬುದು ಈ ಲೇಖಕನ ನಿಲುವು. ಒಲೆ ಉರಿಯುವ ಮನೆಗಳಿದ್ದ ಕಡೆ ಉಳಿದ ಕಟ್ಟಡಗಳ ಪರವಾಗಿ ದನಿ ಎತ್ತುವವರೂ ಇರುತ್ತಾರೆ.

1968ರಲ್ಲಿ ಗಿರಣಿ ಮುಚ್ಚಿತು. 1970ರಲ್ಲಿ ಗಿರಣಿಗಳು, ಓವೆನ್‌ನ ಸಂಸ್ಥೆಯ ಕಟ್ಟಡ, ಎಂಜಿನ್ ಮನೆ ಎಲ್ಲವೂ ಲೋಹದ ಗುಜರಿ ಸಂಸ್ಥೆಯೊಂದರ ಕೈಸೇರಿದವು. ಯೂರೋಪಿನ ಮೊದಮೊದಲ ಶಿಶುವಿಹಾರಗಳಲ್ಲಿ ಒಂದು ನಡೆದಿದ್ದ ಅಂಗಳದ ಸುತ್ತ ಹಳೆಯ ಅಲ್ಯೂಮಿನಿಯಂ ಕರಗಿಸುವ ದಂಧೆ ನಡೆಯಿತು. ಮಾಡಿನ ಸ್ಲೇಟುಗಳು ಜಾರಿದವು, ಮಳೆ ಒಳಗೆ ಇಳಿಯಿತು. 1971ರಲ್ಲಿ ಸರ್ಕಾರ ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತು. ಕೆಡಹುವುದನ್ನು ಕಾನೂನಿನಿಂದ ತಡೆಯಬಹುದು. ಕೈಬಿಟ್ಟ ಕಟ್ಟಡ ತಾನಾಗಿ ಕುಸಿಯುವುದನ್ನು ಪಟ್ಟಿಯಿಂದ ತಡೆಯಲಾಗದು. ಇದನ್ನರಿತೇ 1974ರಲ್ಲಿ ನ್ಯೂ ಲ್ಯಾನಾರ್ಕ್ ಸಂರಕ್ಷಣಾ ಟ್ರಸ್ಟ್ ಸ್ಥಾಪನೆಯಾಯಿತು. ಜಿಮ್ ಅರ್ನಾಲ್ಡ್ ಅದರ ನಿರ್ದೇಶಕರಾಗಿ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದರು. ಗುಜರಿ ಸಂಸ್ಥೆಯ ಕೈಯಿಂದ ಗಿರಣಿಗಳನ್ನು ಬಿಡಿಸಲು ಕೊನೆಗೆ ಕಡ್ಡಾಯ ಸ್ವಾಧೀನದ ಆಜ್ಞೆಯನ್ನೇ ಹೊರಡಿಸಬೇಕಾಯಿತು. ಅದು 1983ರಲ್ಲಿ. ಗಿರಣಿ ಮುಚ್ಚಿ ಆಗಲೇ ಹದಿನೈದು ವರ್ಷ ಕಳೆದಿತ್ತು.

ದುರಸ್ತಿಗೆ ಬೇಕಾದ ಕೈಗಳು ಬಂದ ಬಗೆ ಗಮನಿಸತಕ್ಕದ್ದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗ ಹೆಚ್ಚಿದ್ದಾಗ ಸರ್ಕಾರ ನಡೆಸಿದ ಉದ್ಯೋಗ ಸೃಷ್ಟಿ ಯೋಜನೆಗಳನ್ನು ಟ್ರಸ್ಟ್ ಬಳಸಿಕೊಂಡಿತು. ಕೆಲಸವಿಲ್ಲದವರು ಇಲ್ಲಿಗೆ ಬಂದು ಕಲ್ಲುಕೆಲಸ, ಮರಗೆಲಸ, ಮಾಡಿನ ಕೆಲಸ ಕಲಿತರು. ಸಾಲುಮನೆಗಳಲ್ಲಿ ಕೆಲವನ್ನು ಬಾಡಿಗೆಗೆ ಇಟ್ಟುಕೊಂಡು, ಕೆಲವನ್ನು ವಾಸಕ್ಕೆಂದೇ ಕೊಳ್ಳುವವರಿಗೆ ಮಾರಲಾಯಿತು. ಹೀಗೆ ಮಾಲೀಕರೂ ಬಾಡಿಗೆದಾರರೂ ಬೆರೆತ ಊರಾಯಿತು. ಮುಖ್ಯ ಕಟ್ಟಡಗಳ ಕೆಲಸ ಬಹುಮಟ್ಟಿಗೆ ಮುಗಿಯುವಾಗ ಇಪ್ಪತ್ತೊಂದನೆಯ ಶತಮಾನ ಬಂದಿತ್ತು.

ಯಾವ ಕಾಲದ ಊರನ್ನು ಉಳಿಸಬೇಕು? ಸಂರಕ್ಷಣೆಯಲ್ಲಿ ಇದಕ್ಕಿಂತ ಕಠಿಣ ಪ್ರಶ್ನೆ ಇಲ್ಲ. ಇಲ್ಲಿ ಒಂದೊಂದು ಕಟ್ಟಡಕ್ಕೆ ಒಂದೊಂದು ಉತ್ತರ ಸಿಕ್ಕಿದೆ. ಮೊದಲನೆಯ ಗಿರಣಿಯ ಮೇಲಿನ ಎರಡು ಅಂತಸ್ತುಗಳನ್ನು 1945ರಲ್ಲಿ ತೆಗೆದುಹಾಕಲಾಗಿತ್ತು. ಅವನ್ನು ಮತ್ತೆ ಕಟ್ಟಿ, 1998ರಲ್ಲಿ ಹೋಟೆಲಾಗಿ ತೆರೆದರು. ಎರಡನೆಯ ಗಿರಣಿಯದು ಬೇರೆ ಬಗೆ. ಹೊಸ ಮಾದರಿಯ ನೂಲುವ ಯಂತ್ರಗಳಿಗೆ ಜಾಗ ಮಾಡಲು 1884ರ ಸುಮಾರಿಗೆ ಅದನ್ನು ಗುಡ್ಡದ ಕಡೆಗೆ ಅಗಲಿಸಿದ್ದರು. ಆ ಭಾಗದ ಗೋಡೆ ಇಟ್ಟಿಗೆಯದು, ಹೊಳೆಯ ಕಡೆಯದು ಹಳೆಯ ಕಲ್ಲಿನದು. ಇಡೀ ಊರಿನಲ್ಲಿ ಇಟ್ಟಿಗೆ ಕಾಣುವುದು ಇಲ್ಲಿ ಮಾತ್ರ. ಓವೆನ್‌ನ ಕಾಲದ್ದಲ್ಲವೆಂದು ಅದನ್ನು ಕಿತ್ತುಹಾಕಲಿಲ್ಲ, ಒಳ್ಳೆಯದೇ ಆಯಿತು. ಗಿರಣಿ ಓವೆನ್‌ನ ನಂತರವೂ ಬಹುಕಾಲ ಬದುಕಿತ್ತು ಎನ್ನುವುದಕ್ಕೆ ಆ ಗೋಡೆ ಸಾಕ್ಷಿ. 1883ರಲ್ಲಿ ಸುಟ್ಟುಹೋದ ನಾಲ್ಕನೆಯ ಗಿರಣಿಯನ್ನು ಮತ್ತೆ ಕಟ್ಟದೆ, ಆ ಜಾಗದಲ್ಲಿ ಬೇರೆ ಕಡೆಯಿಂದ ತಂದ ಹಳೆಯ ನೀರಿನ ಚಕ್ರವೊಂದನ್ನು ನಿಲ್ಲಿಸಿದ್ದಾರೆ. ಮೂರನೆಯ ಗಿರಣಿಗೂ ಎಂಜಿನ್ ಮನೆಗೂ ನಡುವೆ ಹಾಕಿದ ಗಾಜಿನ ಸೇತುವೆ ಮಾತ್ರ ಟೀಕೆಗೆ ಗುರಿಯಾಯಿತು. ಚೌಕದಲ್ಲಿರುವ ಹಳೆಯ ಮಾದರಿಯ ಕೆಂಪು ಟೆಲಿಫೋನ್ ಗೂಡೂ ಈ ಊರಿಗೆ ಹೊಂದುವುದಿಲ್ಲ ಎಂದವರಿದ್ದಾರೆ.

ಇಲ್ಲಿ ವಾಸಿಸುವವರು ಇನ್ನೂರರ ಆಸುಪಾಸು. ಅವರ ಮೇಲೆ ಕಟ್ಟುಪಾಡುಗಳಿವೆ. ಟಿವಿ ಆಂಟೆನಾ, ಡಿಶ್ ಹಾಕುವಂತಿಲ್ಲ. ವಿದ್ಯುತ್, ಫೋನ್, ಟಿವಿಯ ತಂತಿಗಳೆಲ್ಲ ನೆಲದಡಿಯಲ್ಲೇ ಹಾದುಹೋಗಿವೆ. ಹೊರಗೆ ಕಾಣುವ ಮರಗೆಲಸಕ್ಕೆಲ್ಲ ಬಿಳಿ ಬಣ್ಣ, ಬಾಗಿಲು ಕಿಟಕಿಗಳಿಗೆ ಒಂದೇ ಮಾದರಿ. ನಾಯಿ ಸಾಕಬಾರದೆಂಬ ನಿಯಮವೂ ಒಂದು ಕಾಲದಲ್ಲಿತ್ತು, ಈಗ ಅದನ್ನು ಯಾರೂ ಜಾರಿ ಮಾಡುತ್ತಿಲ್ಲ. ಓವೆನ್‌ನ ಕಾಲದ ಶಿಸ್ತಿನ ನೆನಪು ತರುವ ನಿಯಮಗಳು ಇವು. ಬೀದಿ ನೋಡಿ ಹೋಗಲು ಬಂದವನಿಗೆ ಇದರಿಂದ ಕಣ್ಣು ತಂಪು. ಆ ಬೀದಿಯಲ್ಲೇ ಮಕ್ಕಳನ್ನು ಬೆಳೆಸುವವರಿಗೆ ಇದು ದಿನನಿತ್ಯದ ಹೊರೆ. ಪರಂಪರೆಯ ತಾಣದ ಆಡಳಿತ ಈ ನಿವಾಸಿಗಳ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕು.

2001ರಲ್ಲಿ ಯುನೆಸ್ಕೊ ನ್ಯೂ ಲ್ಯಾನಾರ್ಕನ್ನು ಪಟ್ಟಿಗೆ ಸೇರಿಸಿದಾಗ ಇಂಗ್ಲೆಂಡಿನ ಸಾಲ್ಟೇರ್ ಮತ್ತು ಡರ್ವೆಂಟ್ ಕಣಿವೆಯ ಗಿರಣಿಗಳೂ ಅದೇ ಸಲ ಸೇರಿದವು. ಅರಮನೆ, ದೇಗುಲ, ಕೋಟೆಗಳ ಸಾಲಿನಲ್ಲಿ ಕೂಲಿಕಾರರ ವಠಾರಗಳಿಗೂ ಜಾಗ ಸಿಕ್ಕ ಗಳಿಗೆ ಅದು. ಕೈಗಾರಿಕಾ ಪರಂಪರೆಯ ರಕ್ಷಣೆಗೆಂದು ಅಂತರರಾಷ್ಟ್ರೀಯ ಸನ್ನದು ರಷ್ಯದ ನಿಜ್ನಿ ತಗಿಲ್ ನಗರದಲ್ಲಿ ಹೊರಬಂದದ್ದು ಇದಾದ ಎರಡು ವರ್ಷಕ್ಕೆ, 2003ರಲ್ಲಿ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಬ್ರಿಟನ್ನಿನಲ್ಲಿ ಹೊಸ ಕಾನೂನಿನ ಬಲವೇನೂ ಬರುವುದಿಲ್ಲ. ಕಟ್ಟಡಗಳ ಸಂರಕ್ಷಿತ ಪಟ್ಟಿ, ಸಂರಕ್ಷಣಾ ಪ್ರದೇಶದ ಘೋಷಣೆ, ಸ್ಥಳೀಯ ಯೋಜನಾ ಅನುಮತಿ ಇವೇ ನಿಜವಾದ ಬೇಲಿ. ತಾಣದ ಸುತ್ತ ಬಫರ್ ವಲಯ ಗುರುತಾಗಿದೆ. 2010ರ ದಶಕದಲ್ಲಿ ಅದರೊಳಗೆ ಮರಳು, ಜಲ್ಲಿ ತೆಗೆಯುವ ಕ್ವಾರಿಯನ್ನು ವಿಸ್ತರಿಸುವ ಪ್ರಸ್ತಾಪ ಬಂದಾಗ ಸ್ಥಳೀಯರು ವಿರೋಧಿಸಿ ಚಳವಳಿ ನಡೆಸಿದರು. ಗಿರಣಿಗೆ ನೀರು ಕೊಟ್ಟ ಹೊಳೆ, ಕಮರಿ, ಕಾಡು ಇವೆಲ್ಲ ಸೇರಿದರೇ ಆ ತಾಣ ಪೂರ್ಣ ಎಂಬ ಅವರ ವಾದ ಸರಿಯಾದದ್ದು.

ಹಣದ ಚಿಂತೆ ಮಾತ್ರ ಎಂದೂ ತೀರಿಲ್ಲ. 1963ರಲ್ಲಿ ಹುಟ್ಟಿದ ವಸತಿ ಸಂಘ ಆರ್ಥಿಕವಾಗಿ ನಿಲ್ಲಲಾರದೆ 2009ರಲ್ಲಿ ಮುಚ್ಚಿತು, ಅದರ ಬಾಡಿಗೆ ಮನೆಗಳ ಹೊಣೆ ಟ್ರಸ್ಟಿನ ಹೆಗಲೇರಿತು. ಮೊದಲು ಮುಂದೆ ಬಂದವರೇ ಹೀಗೆ ತೆರೆಮರೆಗೆ ಸರಿದದ್ದು ನೋವಿನ ಸಂಗತಿ. ಟ್ರಸ್ಟಿಗೆ ಹೋಟೆಲಿನ ಆದಾಯವಿದೆ, ಬಾಡಿಗೆಯಿದೆ, ಸಂದರ್ಶಕ ಕೇಂದ್ರದ ಟಿಕೆಟಿನ ಹಣವಿದೆ. ಮೂರನೆಯ ಗಿರಣಿಯಲ್ಲಿ ಹಳೆಯ ಯಂತ್ರದ ಮೇಲೆ ಉಣ್ಣೆಯ ನೂಲು ತೆಗೆದು ಮಾರುತ್ತಾರೆ. ಅದೇ ಕಟ್ಟಡದ ಹಳೆಯ ಟರ್ಬೈನನ್ನು ದುರಸ್ತಿ ಮಾಡಿ, ಡೇಲ್ ತೋಡಿಸಿದ ಕಾಲುವೆಯ ನೀರಿನಿಂದ ವಿದ್ಯುತ್ ತೆಗೆಯುವ ವ್ಯವಸ್ಥೆಯನ್ನೂ ಮಾಡಿದ್ದಾರೆ.

ಕೇಂದ್ರದೊಳಗಿನ ಪ್ರದರ್ಶನಗಳಿಗೆ ಟಿಕೆಟ್ ಕೊಳ್ಳಬೇಕು. ಊರಿನ ಬೀದಿಗಳಲ್ಲಿ ನಡೆಯಲು, ಕಾಲುವೆಯ ಪಕ್ಕದಲ್ಲಿ ಕೂರಲು, ಅಲ್ಲಿಂದ ಹೊಳೆಯಗುಂಟ ಜಲಪಾತಗಳವರೆಗೆ ಹೋಗಲು ಯಾವ ಶುಲ್ಕವೂ ಇಲ್ಲ.