ಬಿದನೂರಿನ ಕೊಲೆಯೂ ನಮ್ಮ ರಂಗಭೂಮಿಯೂ



ಶಿವಮೊಗ್ಗೆಯ ವಿದ್ಯಾನಗರದಲ್ಲಿರುವ ನನ್ನ ಮನೆಗೆ ಕೆಲವು ದಿನಗಳ ಹಿಂದೆ ನಾಲ್ಕಾರು ಮಂದಿ ವಿದ್ಯಾರ್ಥಿಗಳು ಬಂದಿದ್ದರು. ವಾರ್ಷಿಕೋತ್ಸವಕ್ಕೆ ಒಂದು ಕೊಲೆಯ ನಾಟಕವನ್ನು ಆಡಬೇಕೆಂಬುದು ಅವರ ಆಸೆ. “ಕೊಂದವರು ಯಾರೆಂಬುದು ಕೊನೆಯ ಅಂಕದವರೆಗೂ ತಿಳಿಯಬಾರದು, ಸಾರ್. ಅಂತಹ ನಾಟಕ ನಮ್ಮಲ್ಲಿ ಉಂಟೆ?” ಎಂದು ಅವರು ಕೇಳಿದರು. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ನಮ್ಮ ಪ್ರಾಚೀನ ನಾಟಕಕ್ಕೆ ಕೊಲೆಯ ವಿಚಾರಣೆ ಹೊಸದಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕವು ಒಂದು ನ್ಯಾಯಸ್ಥಾನವೇ ಆಗಿದೆ. ಶಕಾರನು ವಸಂತಸೇನೆಯ ಕತ್ತು ಹಿಸುಕಿ, ಸತ್ತಳೆಂದು ತಿಳಿದು, ಅಪರಾಧವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ಆದರೆ ನಿಜಸ್ಥಿತಿಯನ್ನು ಪ್ರೇಕ್ಷಕರು ಬಲ್ಲರು. ಅರಿಯದವರು ನ್ಯಾಯಾಧಿಕಾರಿಗಳು ಮಾತ್ರ. ಅಪರಾಧಿ ಯಾರೆಂಬ ಕುತೂಹಲ ಇಲ್ಲಿಲ್ಲ. ಸತ್ಯವು ಸಕಾಲಕ್ಕೆ ಬಂದು ಮುಟ್ಟೀತೇ ಎಂಬ ತಳಮಳವಿದೆ. ಕಡೆಗೆ ಸತ್ತಳೆನ್ನಿಸಿಕೊಂಡವಳೇ ವಧ್ಯಸ್ಥಾನಕ್ಕೆ ಜೀವಂತಳಾಗಿ ಬಂದು ನಿಲ್ಲುತ್ತಾಳೆ. ನಿರಪರಾಧಿಯ ಪ್ರಾಣ ಉಳಿಯುತ್ತದೆ.

ಆಂಗ್ಲ ನಾಟಕಗಳು ಕನ್ನಡಕ್ಕೆ ಬಂದ ಮೇಲೆಯೂ ಈ ರೀತಿ ಬೇಗನೆ ಬದಲಾಗಲಿಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ‘ಮ್ಯಾಕ್‌ಬೆತ್’ ನಾಟಕವನ್ನು 1895ರಲ್ಲಿ ‘ಪ್ರತಾಪರುದ್ರದೇವ’ವನ್ನಾಗಿ ಮಾಡಿದರು. ಅಲ್ಲಿಯೂ ಕೊಲೆಗಾರನು ನಮಗೆ ಮೊದಲಿನಿಂದಲೂ ಪರಿಚಿತನೇ. ‘ಹ್ಯಾಮ್ಲೆಟ್’ ನಾಟಕದ ಬಗೆ ಬೇರೆ. ಅಲ್ಲಿ ಕೊಲೆ ನಡೆದುಹೋಗಿದೆ. ಸಾಕ್ಷಿ ಹೇಳುವುದು ಒಂದು ಪ್ರೇತ. ಆ ಸಾಕ್ಷ್ಯವನ್ನು ನಂಬಬಹುದೇ ಎಂಬುದು ರಾಜಕುಮಾರನ ಸಂಕಟ.

ಈ ‘ಹ್ಯಾಮ್ಲೆಟ್’ ನಾಟಕವನ್ನು ಕನ್ನಡದ ನೆಲದಲ್ಲಿ ನಾಟಬೇಕೆಂದು ಹೊರಟ ಕುವೆಂಪು ಅವರು ಡೆನ್ಮಾರ್ಕಿಗೆ ಬದಲಾಗಿ ಆರಿಸಿಕೊಂಡುದು ಬಿದನೂರನ್ನು. ಈಗ ಹೊಸನಗರ ತಾಲ್ಲೂಕಿಗೆ ಸೇರಿರುವ ನಗರವನ್ನು. ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ ಬೆಳೆದ ಕವಿಗೆ ಆ ಹಾಳುಕೋಟೆ ನೆರೆಮನೆಯಿದ್ದಂತೆ. 1932ರ ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್ಟನು ಬಸವಯ್ಯನಾದನು, ರಾಣಿ ಚೆಲುವಾಂಬೆಯಾದಳು. ಮೂಲದ ಒಫೀಲಿಯಾ ಹುಚ್ಚಿಯಾಗಿ ನೀರುಪಾಲಾದಳು. ಇಲ್ಲಿಯ ರುದ್ರಾಂಬೆ ಸೇಡನ್ನು ತಾನೇ ಕೈಗೆತ್ತಿಕೊಂಡು ರಕ್ತಾಕ್ಷಿಯಾಗುತ್ತಾಳೆ.

ಬಿದನೂರನ್ನೇ ಏಕೆ ಆರಿಸಬೇಕು? ಅಲ್ಲಿ ನಿಜವಾಗಿಯೂ ಇಂತಹದೊಂದು ರಹಸ್ಯವಿತ್ತು. ಕೆಳದಿಯ ಅರಸು ಬಸಪ್ಪನಾಯಕನು ತೀರಿಕೊಂಡ ಮೇಲೆ ದತ್ತುಪುತ್ರನಾದ ಚೆನ್ನಬಸಪ್ಪನಾಯಕನು ಪಟ್ಟಕ್ಕೆ ಬಂದನು. 1757ರಲ್ಲಿ ಅವನು ಮರೆಯಾದನು. ರಾಣಿ ವೀರಮ್ಮಾಜಿ ಅಧಿಕಾರ ವಹಿಸಿದಳು. ರಾಣಿಗೆ ನಿಂಬಯ್ಯನೆಂಬವನಲ್ಲಿ ಅನುರಾಗವಿತ್ತೆಂದೂ, ಅದನ್ನು ಆಕ್ಷೇಪಿಸಿದ ತರುಣನನ್ನು ಸ್ನಾನದ ವೇಳೆಯಲ್ಲಿ ಜಟ್ಟಿಯೊಬ್ಬನಿಂದ ಕತ್ತು ಮುರಿಸಿ ಕೊಲ್ಲಿಸಲಾಯಿತೆಂದೂ ಕರ್ನಲ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಬರೆದನು. ಆ ಗ್ರಂಥದ ಮೊದಲ ಸಂಪುಟ ಅಚ್ಚಾದುದು 1810ರಲ್ಲಿ. ಎಂದರೆ ಅರ್ಧ ಶತಮಾನ ಕಳೆದ ಮೇಲೆ, ರಾಜ್ಯವನ್ನು ಕಳೆದುಕೊಂಡ ಹೆಂಗಸು ಉತ್ತರ ಕೊಡಲಾರದ ಕಾಲದಲ್ಲಿ.

ಅದೇ ವಿಲ್ಕ್ಸನು ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಹೈದರಾಲಿಯ ಬಳಿಗೆ ಒಬ್ಬ ತರುಣನು ಬಂದು, “ನಾನೇ ಚೆನ್ನಬಸಪ್ಪ, ಜಟ್ಟಿಯು ಕರುಣೆಯಿಂದ ನನ್ನನ್ನು ಉಳಿಸಿ ಬಚ್ಚಿಟ್ಟನು” ಎಂದನಂತೆ. ಅವನ ಹಕ್ಕನ್ನು ನೆಪಮಾಡಿಕೊಂಡು ಹೈದರನು 1763ರಲ್ಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಗೆದ್ದ ಮೇಲೆ ರಾಣಿಯನ್ನೂ ಸೆರೆಗೆ ಕಳುಹಿಸಿದನು, ಹಕ್ಕುದಾರನನ್ನೂ ಸೆರೆಗೆ ಕಳುಹಿಸಿದನು. ಇಬ್ಬರಿಗೂ ಮಧುಗಿರಿಯ ದುರ್ಗವೇ ಗತಿಯಾಯಿತು.

ಇದನ್ನು ‘ಮೃಚ್ಛಕಟಿಕ’ದೊಡನೆ ಹೋಲಿಸಿ ನೋಡಬೇಕು. ಬಂದವನು ನಿಜವಾದ ಚೆನ್ನಬಸಪ್ಪನೇ ಆಗಿದ್ದರೆ ಕೊಲೆಯೇ ನಡೆದಿಲ್ಲ. ರಾಣಿಯ ಮೇಲಿನ ಅತಿ ದೊಡ್ಡ ಆರೋಪವೇ ಬಿದ್ದುಹೋಗುತ್ತದೆ. ವೇಷಧಾರಿಯಾಗಿದ್ದರೆ ಒಂದು ರಾಜ್ಯವೇ ಸುಳ್ಳಿನ ನೆಪದಲ್ಲಿ ಅಳಿಯಿತು. ನಾಟಕದಲ್ಲಿ ಸತ್ತವಳು ಎದ್ದು ಬಂದಾಗ ಸತ್ಯ ಗೆದ್ದಿತು. ಚರಿತ್ರೆಯಲ್ಲಿ ಸತ್ತವನು ಎದ್ದು ಬಂದಾಗ ಗೆದ್ದವನು ಹೈದರನೊಬ್ಬನೇ. ಯಾವ ನ್ಯಾಯಸ್ಥಾನದಲ್ಲಿಯೂ ಈ ಪ್ರಕರಣದ ವಿಚಾರಣೆ ನಡೆಯಲಿಲ್ಲ.

ನಾಟಕಕಾರನು ಹೀಗೆ ನಡುದಾರಿಯಲ್ಲಿ ನಿಲ್ಲಲಾರನು. ಪರದೆ ಬೀಳುವುದರೊಳಗೆ ಅವನು ಒಂದು ತೀರ್ಪನ್ನು ಕೊಡಲೇಬೇಕು. ಅದು ಅವನ ಅಧಿಕಾರ. ಆದರೆ ಅಂಕಣದ ತೀರ್ಪನ್ನು ಚರಿತ್ರೆಯ ತೀರ್ಪೆಂದು ಮನೆಗೆ ಹೊತ್ತುಕೊಂಡು ಹೋಗುವುದು ಪ್ರೇಕ್ಷಕನ ತಪ್ಪು. ಕುವೆಂಪು ಅವರ ರಾಣಿಯ ಹೆಸರು ವೀರಮ್ಮಾಜಿಯಲ್ಲ, ಚೆಲುವಾಂಬೆ ಎಂಬುದನ್ನು ಮರೆಯಬಾರದು. ಆ ಒಂದು ಹೆಸರಿನ ಬದಲಾವಣೆಯಲ್ಲಿ ಕಾವ್ಯಕ್ಕೂ ಚರಿತ್ರೆಗೂ ನಡುವಣ ಗಡಿಕಲ್ಲು ಕಾಣುತ್ತದೆ.

“ಹಾಗಾದರೆ ಕೊಂದವರು ಯಾರು, ಸಾರ್?” ಎಂದು ಹುಡುಗರು ಮತ್ತೆ ಕೇಳಿದರು. “ರಂಗದ ಮೇಲೆ ಧಾರಾಳವಾಗಿ ಹೇಳಿರಪ್ಪಾ, ಕೆಳಗಿಳಿದು ಬಂದ ಮೇಲೆ ಆ ಮುದುಕಿ ರಾಣಿಗೆ ಸಂದೇಹದ ಲಾಭವನ್ನು ಕೊಡಿ,” ಎಂದೆನು. ಅವರು ‘ರಕ್ತಾಕ್ಷಿ’ಯ ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋದರು. ತಾವೂ ಒಮ್ಮೆ ಅದನ್ನು ಓದಿ, ನಗರದ ಕೋಟೆಯನ್ನು ನೋಡಿ ಬರಬೇಕೆಂದು ಕೋರಿ ವಿರಮಿಸುತ್ತೇನೆ.